ಬರಿದಾದ ಗಡ್ಡೆಗಳು, ಮುಳುಗಿದ ಊರುಗಳು
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ನೂರು ವರ್ಷ ಒಂದೇ ತಾಣದಲ್ಲಿ ನೆಲೆನಿಂತ ಸಮುದಾಯವೊಂದು ತನ್ನ ಹಬ್ಬವನ್ನು ಆಚರಿಸುತ್ತಿರುವಾಗ, ನೆಲೆ ಕಳೆದುಕೊಂಡವರ ಮಾತನ್ನೆತ್ತುವುದು ಉಚಿತವೇ ಎಂದು ನಮ್ಮಲ್ಲೇ ಪ್ರಶ್ನಿಸಿಕೊಂಡೆವು. ಸಮಿತಿಯವರು ನಮಗೊಪ್ಪಿಸಿದ ವಿಷಯವೇ ಅಂಥದು: ಜನರು ತೊರೆದುಹೋದ ದ್ವೀಪಗಳು, ತೀರದ ಹಾಳೂರುಗಳು, ಅವುಗಳ ನಿಗೂಢತೆ. ನಾವು ಬುಕ್ಕಸಾಗರದವರು. ಊರಿನ ಹೆಸರಿನಲ್ಲಿ ಸಾಗರವಿದೆಯೇ ಹೊರತು ನಮಗೆ ಕಡಲಿಲ್ಲ. ಇರುವುದು ತುಂಗಭದ್ರೆ, ಆಕೆಯ ಬಂಡೆಗಳು, ಆಕೆಯ ನಡುವಿನ ಗಡ್ಡೆಗಳು. ಆದರೂ ಹಾಳೂರುಗಳ ವಿಷಯದಲ್ಲಿ ನಮ್ಮಷ್ಟು ಬಳಕೆಯುಳ್ಳವರು ವಿರಳವೆಂದೇ ಹೇಳಬೇಕು. ನಮ್ಮ ಬಾಳೆತೋಟಗಳೂ ಭತ್ತದ ಗದ್ದೆಗಳೂ ಇರುವುದೇ ಅಂಥ ಒಂದು ಮಹಾನಗರದ ಮಗ್ಗುಲಲ್ಲಿ.

ಬಾಲ್ಯದಲ್ಲಿ ನಾವು ಕೇಳಿದ ಕಥೆಗಳನ್ನು ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ. ಅಮಾವಾಸ್ಯೆಯ ರಾತ್ರಿ ಹಾಳು ಮಂಟಪಗಳಲ್ಲಿ ದೀಪ ಕಾಣುವುದಂತೆ. ಬಂಡೆಯ ಸಂದಿಯಲ್ಲಿ ಕೊಪ್ಪರಿಗೆ ತುಂಬ ಹೊನ್ನಿದೆಯಂತೆ, ಅದನ್ನು ಸರ್ಪ ಕಾಯುವುದಂತೆ. ಕೇಳುವುದಕ್ಕೆ ರಮ್ಯವಾದ ಕಥೆಗಳು. ಆದರೆ ಆ ಮಂಟಪದ ಬೀದಿಯಲ್ಲಿ ಹೂವು ಮಾರಿದವರು, ಕುದುರೆಗೆ ಹುಲ್ಲು ಹಾಕಿದವರು ಎಲ್ಲಿಗೆ ಹೋದರು ಎಂಬ ಕಥೆಯನ್ನು ನಮಗೆ ಯಾರೂ ಹೇಳಲಿಲ್ಲ.

1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ಅಳಿಯ ರಾಮರಾಯ ಮಡಿದನು. ಅವನ ತಮ್ಮ ತಿರುಮಲರಾಯ ಅರಸ ಸದಾಶಿವರಾಯನನ್ನೂ ಭಂಡಾರವನ್ನೂ ಕರೆದೊಯ್ದು ಪೆನುಗೊಂಡೆ ಸೇರಿದನು. ಎರಡು ವರ್ಷಗಳ ತರುವಾಯ ಇಲ್ಲಿಗೆ ಬಂದ ಇಟಲಿಯ ವರ್ತಕ ಸೀಸರ್ ಫೆಡರಿಚಿ, ಮನೆಗಳು ನಿಂತೇ ಇದ್ದವು, ಒಳಗೆ ಮನುಷ್ಯರಿರಲಿಲ್ಲ, ಹುಲಿ ಮೊದಲಾದ ಮೃಗಗಳು ಸೇರಿಕೊಂಡಿದ್ದವು ಎಂಬರ್ಥದಲ್ಲಿ ಬರೆದಿಟ್ಟಿದ್ದಾನೆ. ಅರಸನ ಹಾದಿ ಇತಿಹಾಸದ ಪುಟದಲ್ಲಿದೆ: ಪೆನುಗೊಂಡೆ, ಚಂದ್ರಗಿರಿ, ವೆಲ್ಲೂರು. ನೇಕಾರನ ಹಾದಿ, ಅಗಸನ ಹಾದಿ ಅಲ್ಲಿಲ್ಲ. 1900ರಲ್ಲಿ ರಾಬರ್ಟ್ ಸಿವೆಲ್ ತನ್ನ ಗ್ರಂಥಕ್ಕೆ 'ಮರೆತುಹೋದ ಸಾಮ್ರಾಜ್ಯ' ಎಂದು ಹೆಸರಿಟ್ಟನು. ಮರೆತವರು ಯಾರು? ವಿರೂಪಾಕ್ಷನ ತೇರು ಎಳೆಯುತ್ತಲೇ ಬಂದ ಸುತ್ತಣ ಹಳ್ಳಿಗಳವರು ಮರೆತಿರಲಿಲ್ಲ. ವಿಜಯನಗರದ ಕಾಲುವೆಗಳಲ್ಲಿ ನೀರು ನಿಲ್ಲಲಿಲ್ಲ. ಆ ನೀರಿನಿಂದಲೇ ಇಂದಿಗೂ ನಮ್ಮ ಕಡೆಯ ಪೈರು ಬೆಳೆಯುತ್ತದೆ. ಅರಮನೆ ಬರಿದಾದರೂ ಗದ್ದೆ ಪೂರ್ತಿ ಬರಿದಾಗಲಿಲ್ಲ ಎಂಬುದನ್ನು ಮರೆತು ಬರೆದಾಗಲೇ ನಿಗೂಢತೆ ಹುಟ್ಟುವುದು.

ಈ ನಿಗೂಢತೆ ನಿರಪಾಯಕಾರಿಯೂ ಅಲ್ಲ. ಆನೆಗೊಂದಿಯ ಬಳಿ ಹೊಳೆಯ ನಡುವೆ ನವಬೃಂದಾವನ ಗಡ್ಡೆಯಿದೆ. ಮಾಧ್ವ ಸಂಪ್ರದಾಯದ ಒಂಬತ್ತು ಯತಿಗಳ ವೃಂದಾವನಗಳಿರುವ ಕ್ಷೇತ್ರ, ವ್ಯಾಸರಾಯರದೂ ಅಲ್ಲಿದೆ. 2019ರ ಜುಲೈನಲ್ಲಿ ನಿಧಿಯಾಸೆಯ ಕೆಲವರು ರಾತ್ರಿ ಹೊಳೆ ದಾಟಿ ಅದನ್ನೇ ಒಡೆದುಹಾಕಿದರು. ಸರ್ಪ ಕಾಯುವ ಕೊಪ್ಪರಿಗೆಯ ಕಥೆಯನ್ನು ನಂಬಿದವರ ಕೈಯಲ್ಲಿ ಕೊನೆಗೆ ಹಾರೆಯೇ ಇರುತ್ತದೆ. ಭಕ್ತರು ಕೂಡಲೇ ಕೂಡಿ ಅದನ್ನು ಮರಳಿ ಕಟ್ಟಿದರು; ಆದರೆ ಆ ಸುದ್ದಿ ಕೇಳಿದ ದಿನ ನಮಗಾದ ನೋವು ಮತಭೇದವನ್ನರಿಯದ ನೋವು.

ಇನ್ನು, ಕಣ್ಣಾರೆ ಕಂಡವರು ಇನ್ನೂ ಬದುಕಿರುವ ಸಂಗತಿಗೆ ಬರೋಣ. 1945ರ ಫೆಬ್ರವರಿಯಲ್ಲಿ ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಬಿದ್ದಿತು. ಆಗ ಹೊಳೆಯ ಒಂದು ದಂಡೆ ನಿಜಾಮರದು, ಇನ್ನೊಂದು ಮದರಾಸು ಪ್ರಾಂತದ್ದು. 1953ರಲ್ಲಿ ನೀರು ನಿಂತಿತು. ಸುಮಾರು 378 ಚದರ ಕಿಲೋಮೀಟರು ನೆಲ ಜಲಾವೃತವಾಯಿತು. ತೊಂಬತ್ತರಷ್ಟು ಗ್ರಾಮಗಳು ಮುಳುಗಿದವು. ಅವುಗಳಲ್ಲಿ ಒಂದು ನಾರಾಯಣದೇವರಕೆರೆ. ಅಲ್ಲಿಯ ಜನರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಬರುವಾಗ ದೇವರನ್ನೂ ತಂದರು. ಇಂದಿಗೂ ಮರಿಯಮ್ಮನಹಳ್ಳಿಯಲ್ಲಿ ಲಕ್ಷ್ಮೀನಾರಾಯಣಸ್ವಾಮಿಯ ಮತ್ತು ಆಂಜನೇಯಸ್ವಾಮಿಯ ಜೋಡಿ ತೇರುಗಳು ಒಟ್ಟಿಗೆ ಸಾಗುತ್ತವೆ. ಊರು ಮುಳುಗಿದರೂ ಊರಿನ ಹಬ್ಬ ಮುಳುಗಲಿಲ್ಲ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಗೋಡೆಗಳ ಬುಡ, ಚಪ್ಪಡಿ, ಒರಳುಕಲ್ಲು ಮೇಲೆ ಕಾಣುತ್ತವೆ. ನಾವೊಮ್ಮೆ ಅಂಥ ತಾಣಕ್ಕೆ ಹೋದಾಗ ಪೇಟೆಯಿಂದ ಬಂದ ಹುಡುಗರು "ಇದೇನು ನಿಗೂಢ ನಗರಿ" ಎಂದು ಬೆರಗಾಗಿ ನಿಂತಿದ್ದರು. ನಮ್ಮೊಡನಿದ್ದ ಮುದುಕಿಯೊಬ್ಬರು ಮಾತ್ರ ಒಂದು ಚಪ್ಪಡಿಯನ್ನು ಕಾಲಿನಿಂದ ತೋರಿಸಿ, "ಇದು ನಮ್ಮ ಬಚ್ಚಲದ ಕಲ್ಲು ನೋಡಪ್ಪಾ, ಇಲ್ಲೇ ನನಗೆ ನೀರು ಹಾಕತಿದ್ದರು" ಎಂದರು. ಅವರಿಗೆ ಅಲ್ಲಿ ಯಾವ ರಹಸ್ಯವೂ ಇರಲಿಲ್ಲ. ಯಾರ ಮನೆಯ ಪಕ್ಕ ಯಾರ ಮನೆ, ಬೇವಿನ ಮರ ಎಲ್ಲಿ, ಸೇದುವ ಬಾವಿ ಎಲ್ಲಿ, ಎಲ್ಲವನ್ನೂ ಕೆಸರಿನ ಮೇಲೆ ನಡೆಯುತ್ತಲೇ ಹೇಳಿದರು. ನಾವು ಬರೆದುಕೊಳ್ಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ಕಾಗದ ಪೆನ್ನು ಹಿಡಿದು ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಈ ತಪ್ಪು ನಮ್ಮದೇ. ಇದನ್ನು ಯಾರ ಮೇಲೂ ಹೊರಿಸುವಂತಿಲ್ಲ.

ಜಲಾಶಯಕ್ಕೂ ವಯಸ್ಸಾಗಿದೆ. ಕಟ್ಟಿದಾಗ 133 ಟಿ.ಎಂ.ಸಿ. ಹಿಡಿಯುತ್ತಿದ್ದುದು ಈಗ 106ಕ್ಕಿಂತಲೂ ಕಡಿಮೆ. ಉಳಿದ ಜಾಗವನ್ನು ಹೂಳು ತುಂಬಿದೆ. ಆ ಹೂಳಿನಡಿಯಲ್ಲಿ ಬಚ್ಚಲುಕಲ್ಲುಗಳೂ ಹುದುಗುತ್ತಿವೆ.

ಈಚಿನದು ವಿರೂಪಾಪುರ ಗಡ್ಡೆ. ವಿರೂಪಾಕ್ಷ ದೇವಾಲಯದೆದುರು ಹೊಳೆಯಾಚೆ, ಕೊಪ್ಪಳ ಜಿಲ್ಲೆಗೆ ಸೇರಿದ ನಡುಗಡ್ಡೆ. ಹಿಂದೆ ಭತ್ತ ಬೆಳೆಯುತ್ತಿದ್ದ ನೆಲದಲ್ಲಿ ಪರದೇಶದ ಪ್ರವಾಸಿಗರಿಗಾಗಿ ವಸತಿಗೃಹಗಳೂ ಉಪಾಹಾರಮಂದಿರಗಳೂ ಸಾಲಾಗಿ ಎದ್ದವು. ಹಂಪೆ 1986ರಿಂದ ವಿಶ್ವ ಪರಂಪರೆಯ ತಾಣ. ಆ ಕಟ್ಟಡಗಳು ಕಾನೂನಿಗೆ ವಿರುದ್ಧವೆಂದು ಉಚ್ಚ ನ್ಯಾಯಾಲಯವೂ, 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ತೀರ್ಪಿತ್ತವು. ಮಾರ್ಚಿಯಲ್ಲಿ ಯಂತ್ರಗಳು ಬಂದವು. ತೀರ್ಪನ್ನು ನಾವು ಪ್ರಶ್ನಿಸುವುದಿಲ್ಲ. ಪ್ರಾಚೀನ ಶಿಲೆಗಳ ನಡುವೆ ಮನಬಂದಂತೆ ಕಟ್ಟುವುದು ಸಲ್ಲದು. ಆದರೆ ಅಲ್ಲಿ ಪಾತ್ರೆ ತೊಳೆದವಳೂ, ಬಟ್ಟೆ ಒಗೆದವಳೂ, ಹರಿಗೋಲು ನಡೆಸಿದವನೂ ಇದ್ದರು. ಹರಿಗೋಲಿನ ವೃತ್ತಿ ಇಲ್ಲಿ ಇಂದಿನದಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಯೆಸ್ ಬುಟ್ಟಿಯಂತೆ ದುಂಡಗಿನ, ಚರ್ಮ ಹೊದಿಸಿದ ದೋಣಿಗಳನ್ನು ಕಂಡು ಬರೆದಿದ್ದಾನೆ. ಗಡ್ಡೆ ಬರಿದಾದ ಕೆಲವೇ ವಾರಗಳಲ್ಲಿ ಸಾಂಕ್ರಾಮಿಕದ ನಿರ್ಬಂಧವೂ ಬಂದಿತು. ನೂರು ವರ್ಷಗಳ ಬಳಿಕ ಆ ಗಡ್ಡೆಯಲ್ಲಿ ನೆಲಗಟ್ಟಿನ ತುಣುಕನ್ನು ಅಗೆದವರು ಏನೆಂದು ಊಹಿಸಿಯಾರು?

ಕಡಲಿನ ಮಾತನ್ನು ಪೂರ್ತಿ ಬಿಟ್ಟರೆ ಸಮಿತಿಯವರು ಒಪ್ಪಲಾರರು. ವಿಜಯನಗರದ ಕುದುರೆಗಳು ಬಂದುದೂ ಕಡಲಿನಿಂದಲೇ. 1510ರಲ್ಲಿ ಅಲ್ಬುಕರ್ಕ್ ಕೃಷ್ಣದೇವರಾಯನ ಬಳಿಗೆ ದೂತನಾಗಿ ಕಳುಹಿಸಿದವನು ಲೂಯಿಸ್ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿ. ಅವನನ್ನು ಕಳುಹಿಸಿದವರ ನೌಕೆಗಳಿಗೆ ಪರಿಚಿತವಾಗಿದ್ದ ದ್ವೀಪವೊಂದು ಕಾರವಾರದ ಎದುರಿಗಿದೆ: ಅಂಜದೀವ. ಆಡಳಿತದಲ್ಲಿ ಅದು ಗೋವೆಗೆ ಸೇರಿದ್ದು. 1498ರಲ್ಲಿ ವಾಸ್ಕೊ ಡ ಗಾಮ ಹಿಂದಿರುಗುವಾಗ ಸಿಹಿನೀರಿಗಾಗಿ ಅಲ್ಲಿ ತಂಗಿದನು. 1505ರಲ್ಲಿ ಅಲ್ಮೇಡ ಕೋಟೆ ಕಟ್ಟಿದನು. ಮರುವರ್ಷವೇ ಪೋರ್ಚುಗೀಸರು ಅದನ್ನು ತೊರೆದರು. ಮುಂಬಯಿಯನ್ನು ವಹಿಸಿಕೊಳ್ಳಲು ಬಂದ ಸರ್ ಅಬ್ರಹಾಂ ಶಿಪ್‌ಮನ್‌ನ ಇಂಗ್ಲಿಷ್ ದಂಡು, ಪೋರ್ಚುಗೀಸರು ಬಿಟ್ಟುಕೊಡದೆ ಹೋದಾಗ ಇದೇ ದ್ವೀಪದಲ್ಲಿ ಕಾದು ಕುಳಿತಿತು. 1664ರಲ್ಲಿ ಶಿಪ್‌ಮನ್‌ನೂ ಸತ್ತನು. ಸೈನಿಕರಲ್ಲಿ ಬಹುಪಾಲು ಮಂದಿ ಮಣ್ಣಾದರು. ಶಾಪಗ್ರಸ್ತ ದ್ವೀಪವೆಂದು ಕಥೆ ಕಟ್ಟುವವರಿಗೆ ಇಷ್ಟು ಸಾಕು. ನಿಜದಲ್ಲಿ ಅವರನ್ನು ಕೊಂದದ್ದು ಮಳೆಗಾಲ, ಜ್ವರ, ಸರಿಯಾದ ಸೂರಿಲ್ಲದ ವಾಸ.

ಮುಂದೆ 1682ರಲ್ಲಿ ಅಲ್ಲಿ ಮತ್ತೆ ಕೋಟೆ ಎದ್ದಿತು. ಬ್ರೋತಾಸ್ ಮಾತೆಯ ದೇವಾಲಯದಲ್ಲಿ ಬಲಿಪೂಜೆ ನಡೆಯುತ್ತಿತ್ತು. ಹಬ್ಬಕ್ಕೆ ದಡದಿಂದ ಭಕ್ತರು ದೋಣಿಗಳಲ್ಲಿ ಹೋಗುತ್ತಿದ್ದರು. 1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಗಾಗಿ ನಮ್ಮ ನೌಕಾಪಡೆ ದ್ವೀಪಕ್ಕಿಳಿದಾಗ ಏಳು ಮಂದಿ ಭಾರತೀಯ ನಾವಿಕರು ಪ್ರಾಣವಿತ್ತರು. ಈಗ ಅಂಜದೀವ ಕಾರವಾರದ ನೌಕಾನೆಲೆಯ ಭಾಗ. ಸಾಮಾನ್ಯರ ವಸತಿಯಿಲ್ಲ, ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ. ದಡದಲ್ಲಿಯೂ ಅದೇ ನೆಲೆಗಾಗಿ ಕಾರವಾರ ಮತ್ತು ಅಂಕೋಲೆ ತಾಲ್ಲೂಕುಗಳ ನಾಲ್ಕು ಸಾವಿರದಷ್ಟು ಕುಟುಂಬಗಳು ಮನೆ, ಗದ್ದೆ, ದೋಣಿ ಕಟ್ಟುವ ಮರಳದಂಡೆಗಳನ್ನು ಬಿಟ್ಟೆದ್ದವು. ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ನಡೆದವು. ದೇಶರಕ್ಷಣೆಯ ಅಗತ್ಯವನ್ನು ಅರಿಯದವರು ನಾವಲ್ಲ. ಆದರೆ ಕಡಲಿನಿಂದ ದೂರ ಕೊಂಡೊಯ್ದು ಮನೆ ಕೊಟ್ಟರೆ ಬೆಸ್ತನಿಗೆ ಅದು ಅರ್ಧ ಮನೆ.

ಇಷ್ಟನ್ನೂ ಈ ವೇದಿಕೆಯಲ್ಲಿ ಹೇಳುವುದಕ್ಕೆ ಕಾರಣವಿದೆ. ಧರ್ಮಕೇಂದ್ರಗಳಲ್ಲಿ ಒಂದು ಸತ್ಪದ್ಧತಿಯುಂಟು: ಜ್ಞಾನಸ್ನಾನ, ವಿವಾಹ, ಮರಣ ಇವನ್ನು ದಫ್ತರಿನಲ್ಲಿ ಬರೆದಿಡುವುದು. ಯಾವ ಊರಿನಿಂದ ಬಂದವರು, ಯಾರ ಮಗಳು, ಎಲ್ಲಿಗೆ ಕೊಟ್ಟದ್ದು, ಎಲ್ಲವೂ ಅಲ್ಲಿರುತ್ತದೆ. ಮುಳುಗಿದ ಹಳ್ಳಿಗಳಿಗೆ ಹೀಗೆ ವ್ಯಕ್ತಿ ವ್ಯಕ್ತಿಯ ಹೆಸರು ಹಿಡಿದ ದಫ್ತರಗಳಿರಲಿಲ್ಲ; ಇದ್ದದ್ದು ಭೂಮಿಯ ಲೆಕ್ಕ, ತಲೆಯ ಲೆಕ್ಕ. ಬರೆಯುವ ಅಭ್ಯಾಸವುಳ್ಳ ನೀವು ಈ ಶತಮಾನೋತ್ಸವದ ನೆಪದಲ್ಲಿ ಒಂದು ಕೆಲಸವನ್ನು ಕೈಗೊಳ್ಳಬೇಕೆಂದು ನಾವು ವಿನಂತಿಸುತ್ತೇವೆ. ಈ ಕಡೆಯ ಮನೆಗಳಲ್ಲಿ, ಯಾವ ಮತದವರೇ ಆಗಲಿ, ಹಿನ್ನೀರಿನ ಊರುಗಳಿಂದ ಬಂದ ಹಿರಿಯರಿದ್ದರೆ ಅವರ ಬಳಿ ಕುಳಿತು ಓಣಿಯ ಹೆಸರು, ಬಾವಿಯ ಹೆಸರು, ನೆರೆಯವರ ಹೆಸರು ಬರೆದುಕೊಳ್ಳಿರಿ. 1953ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ಮೀರಿದೆ.

ಮೇ ತಿಂಗಳ ಕೊನೆಗೆ ಹಿನ್ನೀರು ತೀರ ಕೆಳಗಿರುತ್ತದೆ. ನಡೆಯಬಲ್ಲ ಹಿರಿಯರಿದ್ದರೆ ಆಗಲೇ ಕರೆದೊಯ್ಯಬೇಕು, ಬೆಳಗಿನ ತಂಪಿನಲ್ಲಿ. ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ನೀರು ಏರತೊಡಗುತ್ತದೆ.