ಕಲಾವಿದರನ್ನು ಉಳಿಸುವ ಊರು



ಸಂಗೀತವನ್ನೇ ನಂಬಿ ಬದುಕಬಹುದೇ? ಮುಂಬಯಿಯಂಥ ದುಬಾರಿ ನಗರದಲ್ಲಿ ಈ ಪ್ರಶ್ನೆ ಇನ್ನಷ್ಟು ಕಠಿಣ. ಆದರೂ ಹಾಗೆ ಬದುಕಿದವರಿದ್ದಾರೆ.

ಬೈಲಹೊಂಗಲದಲ್ಲಿ 1925ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಪಂಡಿತ್ ಕೆ.ಜಿ. ಗಿಂಡೆಯವರು ಹುಡುಗನಾಗಿದ್ದಾಗಲೇ ಲಖನೌಗೆ ಹೋಗಿ, ಸಂಗೀತಗುರು ಶ್ರೀಕೃಷ್ಣ ರತಂಜನಕರರ ಬಳಿ ಕಲಿತರು. ಮುಂದೆ ಮುಂಬಯಿಯೇ ಅವರ ಕರ್ಮಭೂಮಿ. ಸಯನ್‌ನ ವಲ್ಲಭ ಸಂಗೀತಾಲಯದ ಪ್ರಾಚಾರ್ಯರಾಗಿ ಬಹುಕಾಲ ದುಡಿದರು. 1994ರಲ್ಲಿ ತೀರಿಕೊಳ್ಳುವವರೆಗೂ ಹಾಡು, ಪಾಠ ಎರಡನ್ನೂ ಬಿಡಲಿಲ್ಲ. ಅವರ ಗುರುಬಂಧುಗಳಾದ ಚಿದಾನಂದ ನಗರಕರ, ದಿನಕರ ಕಾಯ್ಕಿಣಿ ಇದೇ ನಗರದಲ್ಲಿ ಭಾರತೀಯ ವಿದ್ಯಾಭವನದ ಸಂಗೀತ ಶಾಲೆಯನ್ನು ಬೆಳೆಸಿದರು.

ಇವರ ಪ್ರತಿಭೆ ದೊಡ್ಡದು, ನಿಜ. ಆದರೆ ಅದೊಂದೇ ಸಾಲದು. ವಲ್ಲಭ ಸಂಗೀತಾಲಯ ಕಟ್ಟಿದ ಸ್ವಾಮಿ ವಲ್ಲಭದಾಸರಂಥವರು ಬೇಕಿತ್ತು. ಲೋಕಲ್ ರೈಲಿನಲ್ಲಿ ನಿಂತೇ ಪಾಠಕ್ಕೆ ಬರುವ ಶಿಷ್ಯರು ಬೇಕಿತ್ತು. ದಾದರ್, ಮಾಟುಂಗಾ, ಸಾಂತಾಕ್ರೂಜ್‌ಗಳಲ್ಲಿ ಬೈಠಕ್ ಏರ್ಪಡಿಸುವ ಸಂಗೀತ ಮಂಡಳಿಗಳು, ದಣಿದು ಬಂದರೂ ಕುಳಿತು ಕೇಳುವ ರಸಿಕರು ಬೇಕಿತ್ತು. ವರ್ಷಕ್ಕೊಂದು ದೊಡ್ಡ ಕಛೇರಿ ಕಲಾವಿದರಿಗೆ ಹೆಸರು ತರಬಹುದು. ಮನೆ ನಡೆಸುವುದು ವಾರವಾರದ ಪಾಠ ಮತ್ತು ಸಣ್ಣ ಸಭೆಗಳು.

ಹಾಗಾಗಿ ನಮ್ಮ ಬಡಾವಣೆಯ ಗಾಯಕರನ್ನು, ತಬಲಾ ವಾದಕರನ್ನು ಗುರುತಿಸೋಣ. ಉಚಿತವಾಗಿ ಹಾಡಿಸುವ ಬದಲು ಸಲ್ಲಬೇಕಾದ ಸಂಭಾವನೆಯನ್ನು ಗೌರವದಿಂದ ಕೊಡೋಣ. ಮಕ್ಕಳನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರೋಣ. ಕಲೆಯನ್ನು ಸಾಕುವುದು ಸರ್ಕಾರದ ಹೊಣೆ ಮಾತ್ರವಲ್ಲ, ಕೇಳುವ ಪ್ರತಿಯೊಬ್ಬರ ಧರ್ಮ.