ಚಳಿಗಾಲಕ್ಕೆ ಕ್ರೋಶಾ ಕಡ್ಡಿಯಲ್ಲಿ ಹೆಣೆದ ಮಂಕಿ ಟೋಪಿ



ಸುಗ್ಗಿಯೂ ಚಳಿಯೂ ಜೊತೆಜೊತೆಯಾಗಿಯೇ ಬರುತ್ತವೆ. ಬೀದರ್, ವಿಜಯಪುರ, ಧಾರವಾಡದ ಕಡೆ ಡಿಸೆಂಬರ್–ಜನವರಿಯಲ್ಲಿ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು. ಹಲವು ಊರುಗಳಲ್ಲಿ ಪಂಪ್‌ಸೆಟ್ಟಿಗೆ ಕರೆಂಟು ಬರುವುದು ರಾತ್ರಿಯ ಪಾಳಿಯಲ್ಲಿ. ನೀರು ಹಾಯಿಸುವವನ ಕಾಲು ಕೆಸರಿನಲ್ಲಿ, ಕಿವಿ ಗಾಳಿಗೆ. ಮನೆಯಲ್ಲಿ ಮಲಗಿದವರಿಗೆ ಈ ಚಳಿಯ ಅರ್ಧವೂ ತಿಳಿಯದು.

ಹಿಂದಿನಿಂದಲೂ ಇದಕ್ಕೆ ಕಂಬಳಿ ಕೊಪ್ಪೆ ಇದೆ. ಬೆಚ್ಚಗಿಡುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಬಗ್ಗಿ ಮಡೆ ತಿರುಗಿಸುವಾಗ ಕೊಪ್ಪೆ ಜಾರುತ್ತದೆ. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಗುದ್ದಲಿ ಇದ್ದಾಗ ಅದನ್ನು ಹಿಡಿದುಕೊಳ್ಳುವವರು ಯಾರು? ಆದ್ದರಿಂದ ಬಹಳ ಮಂದಿ ಮಫ್ಲರನ್ನೋ ಟವೆಲನ್ನೋ ಕತ್ತಿಗೆ ಸುತ್ತಿಕೊಳ್ಳುತ್ತಾರೆ. ಇದು ಅಪಾಯದ ಅಭ್ಯಾಸ. ತೂಗಾಡುವ ತುದಿಯೊಂದು ಒಕ್ಕಣೆ ಯಂತ್ರದ ಬಾಯಿಗೋ ಎಂಜಿನ್ನಿನ ಬೆಲ್ಟಿಗೋ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ತಲೆ, ಕಿವಿ, ಕತ್ತು ಮೂರನ್ನೂ ಮುಚ್ಚಿ, ಎಲ್ಲಿಯೂ ತುದಿ ತೂಗಾಡದಂತೆ ಕೂರುವ ಮಂಕಿ ಟೋಪಿ ಈ ಕೆಲಸಕ್ಕೆ ಹೆಚ್ಚು ಯೋಗ್ಯ. ಇಂಗ್ಲಿಷಿನಲ್ಲಿ ಇದಕ್ಕೆ ಬಾಲಾಕ್ಲಾವ ಎಂದು ಹೆಸರು. ಅದು 1854ರಲ್ಲಿ ಕ್ರಿಮಿಯಾ ಯುದ್ಧದ ಕಾಳಗ ನಡೆದ ಊರಿನ ಹೆಸರು.

ದೊಡ್ಡವರ ಟೋಪಿಗೆ ಮಧ್ಯಮ ದಪ್ಪದ ಉಣ್ಣೆ ದಾರ 150 ಗ್ರಾಂ ಕೊಂಡರೆ ಸಾಕು. ಕಡ್ಡಿ 4 ಮಿ.ಮೀ. ಇರಲಿ. ಕಂಬಳಿಗೆ ಬಳಸುವ ನಾಡ ಕುರಿಯ ಉಣ್ಣೆ ಒರಟು. ಕೆನ್ನೆಗೆ ಚುಚ್ಚುತ್ತದೆ, ಟೋಪಿಗೆ ಬೇಡ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವ ದಾರ ಎಷ್ಟೋ ಸಲ ಅಕ್ರಿಲಿಕ್ ಆಗಿರುತ್ತದೆ. ಅದು ಅಗ್ಗ, ಒಗೆಯುವುದೂ ಸುಲಭ. ಆದರೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕಣದಲ್ಲಿ ಬೆಂಕಿ ಕಾಯಿಸುವವರಿಗೂ, ಒಲೆಯ ಮುಂದೆ ಕೂರುವ ಹಿರಿಯರಿಗೂ ಶುದ್ಧ ಉಣ್ಣೆಯೇ ಲೇಸು.

ನೆತ್ತಿಯಿಂದ ಆರಂಭಿಸಬೇಕು. ನಾಲ್ಕು ಸರಪಳಿ ಹಾಕಿ ಉಂಗುರದಂತೆ ಸೇರಿಸಿ, ಅದರೊಳಗೆ 12 ಕಂಬ ಹಾಕಿ. (ಪ್ರತಿ ಸುತ್ತಿನ ಮೊದಲಿಗೆ ಹಾಕುವ ಮೂರು ಸರಪಳಿ ಒಂದು ಕಂಬವೆಂದು ಲೆಕ್ಕ.) ಎರಡನೆಯ ಸುತ್ತಿನಲ್ಲಿ ಪ್ರತಿ ಕಂಬದ ಮೇಲೆ ಎರಡು ಹಾಕಿದರೆ 24 ಆಗುತ್ತದೆ. ಮೂರನೆಯ ಸುತ್ತಿನಲ್ಲಿ ಎರಡಕ್ಕೊಮ್ಮೆ, ನಾಲ್ಕನೆಯದರಲ್ಲಿ ಮೂರಕ್ಕೊಮ್ಮೆ ಜೋಡಿ ಹಾಕುತ್ತಾ ಸುತ್ತಿಗೆ 12ರಂತೆ ಹೆಚ್ಚಿಸಿದರೆ ಏಳನೆಯ ಸುತ್ತಿಗೆ 84 ಕಂಬ. ಆಗ ಬಿಲ್ಲೆಯ ಅಡ್ಡಳತೆ ಸುಮಾರು 17 ಸೆಂ.ಮೀ. ಬರಬೇಕು. ಅಂಚು ಅಲೆಅಲೆಯಾದರೆ ಕಂಬ ಹೆಚ್ಚಾಗಿವೆ, ಬಟ್ಟಲಿನಂತೆ ಮುದುರಿದರೆ ಕಡಿಮೆಯಾಗಿವೆ ಅಥವಾ ಕೈ ಬಿಗಿಯಾಗಿದೆ ಎಂದು ತಿಳಿಯಬಹುದು. ಒಬ್ಬೊಬ್ಬರ ಕೈ ಒಂದೊಂದು ಬಗೆ. ಸುತ್ತಿನ ಎಣಿಕೆಗಿಂತ ಟೇಪನ್ನು ನಂಬುವುದು ಮೇಲು.

ಇಲ್ಲಿಂದ ಮುಂದೆ ಹೆಚ್ಚಿಸದೆ, ಅಂಚು ಹುಬ್ಬಿಗೆ ಬರುವವರೆಗೆ ಸುತ್ತು ಹಾಕುತ್ತಾ ಹೋಗಿ. ಏಳೆಂಟು ಸುತ್ತು ಬೇಕಾದೀತು. ಅನಂತರ ಮುಖಕ್ಕಾಗಿ 28 ಕಂಬ ಬಿಟ್ಟು, ಉಳಿದ 56ರ ಮೇಲೆ ಹೋಗಿ ಬಂದು, ಹೋಗಿ ಬಂದು 12 ಸೆಂ.ಮೀ. ಹೆಣೆಯಬೇಕು. ಕಿವಿ ಮುಚ್ಚುವ ಭಾಗ ಇದೇ. ಕ್ರೋಶಾ ಹೆಣಿಗೆಯ ದೋಷವೆಂದರೆ ಕಂಬಗಳ ನಡುವಿನ ಕಿಂಡಿ. ಬೆಚ್ಚಗಿಡುವುದು ದಾರದ ಎಳೆಗಳ ನಡುವೆ ನಿಂತ ಗಾಳಿಯೇ ಹೊರತು ಕಿಂಡಿಯಲ್ಲಿ ಬೀಸುವ ಗಾಳಿಯಲ್ಲ. ಆದ್ದರಿಂದ ಇಲ್ಲಿ ಅರ್ಧ ಕಂಬ ಹಾಕಿ; ಹೆಣಿಗೆ ಒತ್ತಾಗುತ್ತದೆ. ಹಾಗೆಂದು ಕಿವಿಯ ಮೇಲೆ ಎರಡು ಪದರ ಮಾಡಬಾರದು. ರಾತ್ರಿ ಹೊಲದಲ್ಲಿರುವವನಿಗೆ ಕಿವಿಯೇ ಕಾವಲು. ಮೋಟಾರಿನ ಸದ್ದು ಬದಲಾದದ್ದು, ಪೊದೆಯಲ್ಲಿ ಏನೋ ಸರಿದದ್ದು, ಹಿಂದಿನಿಂದ ಟ್ರ್ಯಾಕ್ಟರ್ ಬಂದದ್ದು ಅವನಿಗೆ ಕೇಳಿಸಲೇಬೇಕು.

ಈ ಹಂತದಲ್ಲಿ ಟೋಪಿಯನ್ನು ಹಾಕಿಕೊಳ್ಳುವವರ ತಲೆಗೇ ಇಟ್ಟು ನೋಡಿ. ಇಪ್ಪತ್ತು ಹೆಜ್ಜೆ ಹಿಂದೆ ನಿಂತು ಸಾಮಾನ್ಯ ದನಿಯಲ್ಲಿ ಕೂಗಿ. ತಿರುಗಿ ನೋಡದಿದ್ದರೆ ಕಿವಿಯ ಭಾಗವನ್ನು ಬಿಚ್ಚಿ ಸ್ವಲ್ಪ ಸಡಿಲವಾಗಿ ಹೆಣೆಯಿರಿ. ಎಳೆದರೆ ಬಿಚ್ಚಿಕೊಳ್ಳುವುದೇ ಕ್ರೋಶಾದ ದೊಡ್ಡ ಗುಣ.

ಸರಿಯಾಯಿತೆಂದರೆ ಗಲ್ಲದ ಕೆಳಗೆ 28 ಸರಪಳಿಯ ಸೇತುವೆ ಹಾಕಿ ಮತ್ತೆ ಸುತ್ತು ಸೇರಿಸಿ. ಕತ್ತಿನ ಎಂಟು ಸುತ್ತುಗಳಲ್ಲಿ ಕೆಳಗಿನ ಸಾಲಿನ ಕಂಬವನ್ನೇ ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ಬಳಸಿ ಹೆಣೆದರೆ ಪಟ್ಟಿ ಹಿಗ್ಗುತ್ತದೆ, ತಲೆ ತೂರಿಸಲು ತೊಡಕಾಗದು. ಮುಖದ ಅಂಚಿಗೆ ಎರಡು ಸುತ್ತು ಗಿಡ್ಡ ಹೊಲಿಗೆ ಸಾಕು. ಕುಚ್ಚು, ಗೊಂಡೆ, ಕಟ್ಟುವ ದಾರ ಯಾವುದೂ ಬೇಡ. ಅಂದಕ್ಕೆಂದು ಗೊಂಡೆ ಇಟ್ಟರೆ ಮಫ್ಲರಿನ ಅಪಾಯವೇ ಮರಳಿ ಬಂದಂತೆ.

ಮಕ್ಕಳಿಗೆ ಹೆಣೆಯುವುದಾದರೆ ಅವರ ತಲೆಯ ಸುತ್ತಳತೆ ತೆಗೆದು ಆರನೆಯ ಸುತ್ತಿಗೇ ಹೆಚ್ಚಿಸುವುದನ್ನು ನಿಲ್ಲಿಸಬಹುದು. ಹಸುಗೂಸನ್ನು ಮಾತ್ರ ಇಂಥ ಟೋಪಿ ಹಾಕಿ ಮಲಗಿಸಬಾರದು. ನಿದ್ದೆಯಲ್ಲಿ ಟೋಪಿ ಮೂಗಿನ ಮೇಲೆ ಸರಿದರೆ ಉಸಿರು ಕಟ್ಟೀತು, ಮೈ ಅತಿಯಾಗಿ ಕಾಯುವುದೂ ಉಂಟು.

ಈ ಟೋಪಿ ಹಾಕಿಕೊಂಡು ಔಷಧಿ ಸಿಂಪಡಿಸಬಾರದು. ಉಣ್ಣೆ ವಿಷವನ್ನು ಹೀರಿಟ್ಟುಕೊಂಡು ಮರುದಿನವೂ ಚರ್ಮಕ್ಕೆ ತಾಗಿಸುತ್ತದೆ. ಒಗೆಯುವಾಗ ತಣ್ಣೀರು, ಸೌಮ್ಯವಾದ ಸಾಬೂನು ಬಳಸಿ. ಬಿಸಿನೀರಿನಲ್ಲಿ ಉಜ್ಜಿದ ಉಣ್ಣೆ ಕುಗ್ಗಿ, ಅಪ್ಪನ ಟೋಪಿ ಮಗನ ತಲೆಗೂ ಸಾಲದಾಗುತ್ತದೆ. ಹಿಂಡದೆ, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಹಾಸಿ ಒಣಗಿಸಿ. ಬೇಸಿಗೆ ಬಂದಾಗ ಚೆನ್ನಾಗಿ ಒಣಗಿದ ಟೋಪಿಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿಡಿ.