ಮೂರು ಚೌಕಗಳ ಲೆಕ್ಕ

ಮನೆಯ ಪಾಯಕ್ಕೆ ಗುರುತು ಹಾಕುವುದನ್ನು ನೀವು ನೋಡಿರಬಹುದು. ಎರಡು ದಾರಗಳು ಕೂಡುವ ಮೂಲೆಯಿಂದ ಒಂದು ದಾರದ ಮೇಲೆ 3 ಅಡಿಗೆ, ಇನ್ನೊಂದರ ಮೇಲೆ 4 ಅಡಿಗೆ ಮೇಸ್ತ್ರಿ ಗುರುತು ಮಾಡುತ್ತಾನೆ. ಆ ಎರಡು ಗುರುತುಗಳ ನಡುವೆ ಅಡ್ಡಲಾಗಿ ಅಳೆಯುತ್ತಾನೆ. ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿಯಾಗಿದೆಯೆಂದು ಅರ್ಥ. ಕಡಮೆ ಬಂದರೆ ಮೂಲೆ ಕಿರಿದಾಗಿದೆ. ಹೆಚ್ಚು ಬಂದರೆ ಅಗಲವಾಗಿದೆ. ಈ ಅಡ್ಡ ಅಳತೆಯಲ್ಲಿ ಒಂದು ಅಂಗುಲ ತಪ್ಪಿದರೂ 30 ಅಡಿ ಗೋಡೆಯ ಕೊನೆ ಇರಬೇಕಾದ ಜಾಗದಿಂದ ಸುಮಾರು ಒಂದು ಅಡಿ ಸರಿದಿರುತ್ತದೆ.

ಮೂರೂ ನಾಲ್ಕೂ ಸೇರಿದರೆ ಏಳಲ್ಲವೆ? ಐದು ಎಲ್ಲಿಂದ ಬಂತು? ಶಾಲೆಗೆ ಹೋಗುವ ನಿಮ್ಮ ಮಗನನ್ನೋ ಮಗಳನ್ನೋ ಕೇಳಿರಿ. ಲಂಬಕೋನ ತ್ರಿಕೋನದಲ್ಲಿ ಕರ್ಣದ ವರ್ಗವು ಉಳಿದೆರಡು ಭುಜಗಳ ವರ್ಗಗಳ ಮೊತ್ತಕ್ಕೆ ಸಮ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿಯಾರು. ಇದೇ ಪೈಥಾಗೊರಸನ ಪ್ರಮೇಯ. ಆದರೆ ವರ್ಗವೆಂದರೇನು ಎಂದು ಮತ್ತೆ ಕೇಳಿದರೆ, ಸಂಖ್ಯೆಯನ್ನು ಅದರಿಂದಲೇ ಗುಣಿಸುವುದು ಎಂಬ ಉತ್ತರ ಬರುತ್ತದೆ. ಅದು ತಪ್ಪಲ್ಲ. ಆದರೆ ವರ್ಗವೆಂದರೆ ಮೊದಲಿಗೆ ಚೌಕ. ಕಣ್ಣಿಗೆ ಕಾಣುವ, ಜಾಗ ಹಿಡಿಯುವ ಚೌಕ. ಇದನ್ನು ಮರೆತರೆ ಪ್ರಮೇಯವು ಬರಿಯ ಬಾಯಿಪಾಠವಾಗುತ್ತದೆ.

3 ಅಡಿಯ ಭುಜದ ಮೇಲೆ ಒಂದು ಚೌಕವನ್ನು ಬರೆದರೆ, ಅದಕ್ಕೆ ಒಂದು ಚದರಡಿಯ 9 ಕಲ್ಲುಗಳನ್ನು ಹಾಸಬಹುದು. 4 ಅಡಿಯ ಚೌಕಕ್ಕೆ 16 ಕಲ್ಲು. 5 ಅಡಿಯ ಚೌಕಕ್ಕೆ 25. ಚಿಕ್ಕ ಚೌಕಗಳೆರಡರ ಕಲ್ಲುಗಳನ್ನೂ ತೆಗೆದು ದೊಡ್ಡ ಚೌಕಕ್ಕೆ ಹಾಸಿರಿ. ಒಂದೂ ಮಿಗುವುದಿಲ್ಲ, ಒಂದೂ ಕಡಮೆ ಬೀಳುವುದಿಲ್ಲ. ಇಲ್ಲಿ ಕೂಡುವುದು ಉದ್ದಗಳಲ್ಲ, ವಿಸ್ತೀರ್ಣಗಳು.

ಇದೊಂದು ತ್ರಿಕೋನಕ್ಕೆ ಸರಿಹೋಯಿತು, ಎಲ್ಲಕ್ಕೂ ಹೀಗೆಯೇ ಎಂದು ನಂಬುವುದು ಹೇಗೆ ಎನ್ನುವಿರಾ? ನ್ಯಾಯವಾದ ಪ್ರಶ್ನೆ. ನೂರು ತ್ರಿಕೋನಗಳನ್ನು ಅಳೆದರೂ ನೂರೊಂದನೆಯದಕ್ಕೆ ಹೊಣೆ ಯಾರು? ಅಳತೆ ಸಾಲದು, ಕಾರಣ ಬೇಕು. ಅದಕ್ಕೆ ಒಂದು ರಟ್ಟು, ಒಂದು ಕತ್ತರಿ ಸಾಕು.

7 ಅಂಗುಲದ ಚೌಕವಾಗಿ ರಟ್ಟನ್ನು ಕತ್ತರಿಸಿಕೊಳ್ಳಿರಿ. ಅದರ ಅಂಚುಗಳ ಮೇಲೆ ಒಂದೇ ದಿಕ್ಕಿಗೆ ಸುತ್ತುತ್ತ, ಪ್ರತಿಯೊಂದು ಮೂಲೆಯಿಂದ 3 ಅಂಗುಲಕ್ಕೆ ಚುಕ್ಕೆಯಿಡಿರಿ. ಚುಕ್ಕೆಗಳನ್ನು ಗೆರೆಗಳಿಂದ ಕೂಡಿಸಿ, ಗೆರೆಯ ಮೇಲೆ ಕತ್ತರಿಸಿರಿ. ಮೂಲೆಗಳಿಂದ 3 ಮತ್ತು 4 ಅಂಗುಲದ ಭುಜಗಳುಳ್ಳ ನಾಲ್ಕು ತ್ರಿಕೋನಗಳು ಬರುತ್ತವೆ. ನಡುವೆ ಓರೆಯಾಗಿ ಉಳಿಯುವುದು ಒಂದು ಚೌಕ. ಅದರ ನಾಲ್ಕು ಅಂಚುಗಳೂ ಆ ತ್ರಿಕೋನಗಳ ಕರ್ಣಗಳೇ.

ಈಗ ಹಾಳೆಯ ಮೇಲೆ ಅಷ್ಟೇ ದೊಡ್ಡ ಇನ್ನೊಂದು ಚೌಕವನ್ನು ಬರೆಯಿರಿ. ತ್ರಿಕೋನಗಳನ್ನು ಎರಡೆರಡಾಗಿ ಕರ್ಣಕ್ಕೆ ಕರ್ಣ ಸೇರಿಸಿ ಎರಡು ಆಯತಗಳನ್ನು ಮಾಡಿರಿ. ಒಂದನ್ನು ಮೇಲಿನ ಬಲಮೂಲೆಯಲ್ಲಿ ಅಡ್ಡವಾಗಿ ಮಲಗಿಸಿ, ಇನ್ನೊಂದನ್ನು ಕೆಳಗಿನ ಎಡಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿರಿ. ಬರಿದಾಗಿ ಉಳಿದುದೇನು? ಮೇಲೆ ಎಡಕ್ಕೆ 3 ಅಂಗುಲದ ಚೌಕ, ಕೆಳಗೆ ಬಲಕ್ಕೆ 4 ಅಂಗುಲದ ಚೌಕ.

ಎರಡು ಸಲವೂ ಅಷ್ಟೇ ಜಾಗದಿಂದ ಅವೇ ನಾಲ್ಕು ತ್ರಿಕೋನಗಳನ್ನು ಕಳೆದೆವು. ಆದ್ದರಿಂದ ಉಳಿದುದೂ ಸಮನಾಗಿರಲೇಬೇಕು. ಮೊದಲು ಉಳಿದುದು ಕರ್ಣದ ಚೌಕ. ಆಮೇಲೆ ಉಳಿದುದು ಭುಜಗಳ ಎರಡು ಚೌಕ. 3, 4ರ ಬದಲು 2, 5 ಎಂದಿಟ್ಟುಕೊಂಡರೂ ಈ ಮಾತಿನಲ್ಲಿ ಒಂದಕ್ಷರವೂ ಬದಲಾಗಬೇಕಾಗಿಲ್ಲ. ನೂರೊಂದನೆಯ ತ್ರಿಕೋನಕ್ಕೂ ಇದೇ ಹೊಣೆ.

ಈ ತಿಳಿವಳಿಕೆ ಒಬ್ಬನ ಸ್ವತ್ತಲ್ಲ. ಪೈಥಾಗೊರಸ್ ಕ್ರಿ. ಪೂ. 6ನೆಯ ಶತಮಾನದ ಗ್ರೀಕನು. ಅವನಿಗಿಂತ ಸಾವಿರ ವರ್ಷಕ್ಕೂ ಹಿಂದೆಯೇ ಬ್ಯಾಬಿಲೋನಿನವರು ಇಂಥ ಸಂಖ್ಯೆಗಳನ್ನು ಜೇಡಿಮಣ್ಣಿನ ಹಲಗೆಯ ಮೇಲೆ ಬರೆದಿಟ್ಟಿದ್ದರು. ನಮ್ಮಲ್ಲಿ ಯಜ್ಞವೇದಿಗಳ ಅಳತೆಯನ್ನು ತಿಳಿಸುವ ಬೌಧಾಯನ ಶುಲ್ಬಸೂತ್ರವು ಇದನ್ನು ಹೇಳುತ್ತದೆ: ಆಯತದ ಕರ್ಣಕ್ಕೆ ಹಿಡಿದ ಹಗ್ಗದಿಂದಾಗುವ ಕ್ಷೇತ್ರವು, ಉದ್ದಗಲಗಳಿಂದ ಬೇರೆ ಬೇರೆಯಾಗಿ ಆಗುವ ಕ್ಷೇತ್ರಗಳೆರಡನ್ನೂ ಕೂಡಿದಷ್ಟು. 12ನೆಯ ಶತಮಾನದ ಭಾಸ್ಕರಾಚಾರ್ಯನೂ ನಾಲ್ಕು ತ್ರಿಕೋನಗಳನ್ನು ಚೌಕವಾಗಿ ಜೋಡಿಸಿ ಈ ಮಾತನ್ನು ಸಾಧಿಸಿದ್ದಾನೆ.

ಶುಲ್ಬವೆಂದರೆ ಹಗ್ಗ. ಬೌಧಾಯನನ ಹಗ್ಗವೂ ನಮ್ಮ ಮೇಸ್ತ್ರಿಯ ದಾರವೂ ಹೇಳುವ ಮಾತು ಒಂದೇ. ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಮುನ್ನ ಅವರ ಕೈಗೊಂದು ರಟ್ಟು ಕೊಡಿರಿ. ಒಮ್ಮೆ ಕತ್ತರಿಸಿ ಜೋಡಿಸಿದವರು ಅದನ್ನು ಮರೆಯಲಾರರು.